ಮಕ್ಕಳ ಮೊಬೈಲ್: ಭಾನುವಾರ ಸೇರೋಣ

ಜಯನಗರದ ನಮ್ಮ ಬೀದಿಯ ಅಪ್ಪ ಅಮ್ಮಂದಿರಿಗೆಲ್ಲ ನಮಸ್ಕಾರ.

ದಸರಾ ರಜೆ ಬಂತು. ಮಕ್ಕಳ ಕೈಯಲ್ಲಿ ಮೊಬೈಲ್ ಜಾಸ್ತಿ ಹೊತ್ತು ಇರುತ್ತದೆ ಅಲ್ವಾ? ಹತ್ತು ವರ್ಷದೊಳಗಿನ ಮಕ್ಕಳಿರುವವರು ಈ ಭಾನುವಾರ ಬೆಳಿಗ್ಗೆ 11ಕ್ಕೆ ನಮ್ಮ ಮನೆಗೆ ಬನ್ನಿ. ಮಗು ಬಳಸುವ ಫೋನ್, ನಿಮ್ಮ ಫೋನ್ ಎರಡೂ ತನ್ನಿ. ಗೂಗಲ್ ಫ್ಯಾಮಿಲಿ ಲಿಂಕ್ ಅನ್ನುವ ಆ್ಯಪ್ ಒಟ್ಟಿಗೆ ಹಾಕಿಕೊಳ್ಳೋಣ. ಎಷ್ಟು ಹೊತ್ತು ನೋಡಬೇಕು, ಯಾವ ಆ್ಯಪ್ ಇರಬೇಕು ಅಂತ ಅದರಲ್ಲಿ ನಾವೇ ತೀರ್ಮಾನಿಸಬಹುದು.

ಅಲ್ಲಿವರೆಗೆ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಕೊಡಿ. ಆಟಗಳಲ್ಲಿ ಚಾಟ್ ಆಫ್ ಮಾಡಿ. ಕಳೆದ ತಿಂಗಳು ಯಾರೋ ಆಟದ ಚಾಟ್‌ನಲ್ಲಿ ನನ್ನ ಮಗಳಿಗೆ ಮನೆ ಎಲ್ಲಿ ಅಂತ ಕೇಳಿದ್ದರು. ಅವಳು ಓಡಿಬಂದು ಹೇಳಿದಳು. ಬೈದಿದ್ದರೆ ಮುಂದಿನ ಸಲ ಹೇಳುತ್ತಿರಲಿಲ್ಲ. ದಯವಿಟ್ಟು ನೀವೂ ಬೈಯಬೇಡಿ.

ಮಗುವಿಗೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098, ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.