‘ರೈಜೆನ್ 7’ ಎಂದಷ್ಟೇ ಬರೆದ ಚೀಟಿ ಸಾಲದು

ಮಾನ್ಯರೇ,

ಪರೀಕ್ಷೆಗಳು ಮುಗಿದು ರಜೆ ಆರಂಭವಾಗುವ ಹೊತ್ತಿಗೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಹುಟ್ಟಿಕೊಳ್ಳುತ್ತದೆ. ಗೇಮ್ ಆಡುವ ಕಂಪ್ಯೂಟರ್ ನಿಧಾನವಾಗಿದೆ, ಹೊಸ ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪು) ಬೇಕು, ಅದನ್ನು ತಂಪಾಗಿಡಲು ನೀರಿನ ಕೂಲರ್ ಬೇಕು ಎಂಬುದೇ ಆ ಬೇಡಿಕೆ. ಹಣ ಕೊಡುವ ತಂದೆತಾಯಿಗೆ ಆ ಹೆಸರುಗಳು ಅರ್ಥವಾಗುವುದಿಲ್ಲ, ಮಾರುವವರಿಗೆ ವಿವರಿಸುವಷ್ಟು ಪುರುಸೊತ್ತಿರುವುದಿಲ್ಲ. ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನಾನು ಈ ವ್ಯವಹಾರಕ್ಕೆ ಇಳಿದದ್ದು ಮಗನ ಒತ್ತಾಯದಿಂದ. ಇಳಿದ ಮೇಲೆ ಕಂಡದ್ದನ್ನು ತಮ್ಮ ಪತ್ರಿಕೆಯ ಮೂಲಕ ಇತರ ಪೋಷಕರಿಗೂ ನಮ್ಮೂರಿನ ಕಂಪ್ಯೂಟರ್ ವ್ಯಾಪಾರಿಗಳಿಗೂ ತಿಳಿಸಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯ ಕಂಪ್ಯೂಟರ್ 2020ರಲ್ಲಿ ಜೋಡಿಸಿದ್ದು. ಅದರಲ್ಲಿದ್ದುದು ಎಎಂಡಿ ಕಂಪೆನಿಯ ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಮತ್ತು ಕೆಲಸದ ಹೊತ್ತಿನ ಮಾಹಿತಿ ಹಿಡಿದಿಡುವ 16 ಜಿಬಿ ರ‍್ಯಾಮ್. ನಡುವೆ ಮಗ ಟ್ಯೂಷನ್ ಹೇಳಿ ಕೂಡಿಸಿದ ಹಣದಲ್ಲಿ ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡನ್ನೂ (ಪರದೆಯ ಚಿತ್ರ ರಚಿಸುವ ಭಾಗ), ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ 144 ಹರ್ಟ್ಸ್‌ನ ಮಾನಿಟರನ್ನೂ ತಂದಿದ್ದ. ಆದರೂ 2025ರ ಬಿಸು ಹಬ್ಬದ ರಜೆಯಲ್ಲಿ ಕೌಂಟರ್-ಸ್ಟ್ರೈಕ್ 2 ಆಡುವಾಗ, ಹೊಗೆಬಾಂಬು ಸಿಡಿದು ಹತ್ತು ಮಂದಿ ಒಂದೆಡೆ ಸೇರಿದ ಕ್ಷಣದಲ್ಲೇ, ಚಿತ್ರ ತಡವರಿಸುತ್ತದೆ ಎಂದು ಅವನ ದೂರು ಶುರುವಾಯಿತು. ಅಂಗಡಿಗೆ ಹೋದೆವು. ‘ಮಾಷ್ಟ್ರೇ, ಆ ಬೋರ್ಡಿನ ಕಥೆ ಮುಗೀತು. ಇನ್ನು ಅದಕ್ಕೆ ಹಣ ಹಾಕುವುದು ದಂಡ. ಕಾಂಬೋ ತೆಕ್ಕೊಳ್ಳಿ, ಐದು ವರ್ಷ ತಿರುಗಿ ನೋಡ್ಲಿಕ್ಕಿಲ್ಲ’ ಎಂದರು. ಹೊಸ ಎಎಂ5 ಬೋರ್ಡು (ಎಎಂಡಿಯ ಹೊಸ ಬಗೆಯ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಇರುವ ಬೋರ್ಡು), ಅದಕ್ಕೆ ಬೇಕಾಗುವ ಡಿಡಿಆರ್5 ರ‍್ಯಾಮ್, ಹೊಸ ಪ್ರೊಸೆಸರ್ ಮತ್ತು ಮೂರು ಫ್ಯಾನಿನ ನೀರಿನ ಕೂಲರ್ ಸೇರಿ ಲೆಕ್ಕ 80 ಸಾವಿರ ರೂಪಾಯಿಯ ಹತ್ತಿರ ಬಂತು. ಗೇಮ್ ಎಲ್ಲಿ ತಡೆಯುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಜ್ವರ ನೋಡದೆ ಮಾತ್ರೆ ಬರೆದುಕೊಟ್ಟ ಹಾಗಾಯಿತು ಎಂದುಕೊಂಡು, ಒಂದು ವಾರದ ಸಮಯ ಕೇಳಿ ಮನೆಗೆ ಬಂದೆವು.

ಮೊದಲು ಮಾಡಿದ ಕೆಲಸ ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿದ್ದು. ಕೆಮ್ಮಣ್ಣಿನ ಧೂಳು ಮಳೆಗಾಲದ ತೇವ ಹೀರಿ, ಬೇಸಿಗೆಯಲ್ಲಿ ಒಣಗಿ, ಮತ್ತೆ ತೇವ ಹೀರಿ, ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯ ತುಂಡಿನಂತೆ ಕುಳಿತಿತ್ತು. ಬೆರಳಿನಿಂದ ಎಳೆದರೆ ಇಡೀ ಪದರವೇ ಎದ್ದು ಬಂತು. ಹಲ್ಲಿಯ ಹಿಕ್ಕೆ ಬೇರೆ. ಹಿಂಬದಿಯ ಸ್ಕ್ರೂಗಳಲ್ಲಿ ಎರಡಕ್ಕೆ ತುಕ್ಕು ಹಿಡಿದಿತ್ತು. ಕೋಣೆಯಲ್ಲಿ 32 ಡಿಗ್ರಿ ಇರುವಾಗ ಗೇಮ್ ಆಡಿದರೆ 93 ಡಿಗ್ರಿಗೆ ಏರುತ್ತಿದ್ದ ಪ್ರೊಸೆಸರ್, ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಲೇಪ) ಹಚ್ಚಿದ ಮೇಲೆ 80ರ ಆಸುಪಾಸಿಗೆ ಇಳಿಯಿತು. ಆ ಪ್ರೊಸೆಸರಿನ ಗರಿಷ್ಠ ಮಿತಿ 95 ಡಿಗ್ರಿ. ಮಿತಿ ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಅಂದರೆ ದೂರಿನ ಒಂದು ಪಾಲು ಒಂದು ಬ್ರಶ್ಶಿನಿಂದಲೇ ನಿವಾರಣೆಯಾಯಿತು.

ಈ ಶುಚಿಕಾರ್ಯದಲ್ಲಿ ನನ್ನ ಕೈಯಿಂದಲೇ ಒಂದು ಅನಾಹುತವೂ ನಡೆಯಿತು. ಕಂಪ್ಯೂಟರ್ ತಣ್ಣಗಿರುವಾಗ, ಪೇಸ್ಟು ಅಂಟಿನಂತೆ ಗಟ್ಟಿಯಾಗಿದೆ ಎಂಬ ಅರಿವಿಲ್ಲದೆ, ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದೆ. ‘ಟಕ್’ ಎಂಬ ಸದ್ದಿನೊಡನೆ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತು ಕೂಲರಿನ ತಳಕ್ಕೆ ಅಂಟಿಕೊಂಡು ಬಂತು. ನಮ್ಮದರಂಥ ಎಎಂ4 (ಎಎಂ5ಕ್ಕಿಂತ ಹಿಂದಿನ ಸಾಕೆಟ್ಟಿನ) ಪ್ರೊಸೆಸರಿನ ಅಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಪಿನ್ನುಗಳು 1331 ಇರುತ್ತವೆ. ಅವುಗಳಲ್ಲಿ ಮೂಲೆಯ ನಾಲ್ಕು ಬಾಗಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯೊಳಗೆ ಒಂದೊಂದೇ ಪಿನ್ನನ್ನು ತೂರಿಸಿ ನೆಟ್ಟಗೆ ಮಾಡುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟು ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಆಚೀಚೆ ತುಸು ತಿರುಚಿ ಬಿಡಿಸಬೇಕು ಎಂಬ ಸಣ್ಣ ಮಾತು ಮೊದಲೇ ಗೊತ್ತಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಇನ್ನು ಅಳತೆಯ ವಿಷಯ. ಗೇಮ್ ತಡವರಿಸುವುದು ಪ್ರೊಸೆಸರಿನಿಂದಲೋ ಗ್ರಾಫಿಕ್ಸ್ ಕಾರ್ಡಿನಿಂದಲೋ ಎಂದು ಮನೆಯಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ ತಿಳಿಯಬಹುದು. ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ 97ಕ್ಕಿಂತ ಮೇಲೆ ನಿಂತಿದ್ದರೆ ಎಂಥ ಪ್ರೊಸೆಸರ್ ತಂದರೂ ಹೆಚ್ಚಿನ ಲಾಭವಿಲ್ಲ. ಅದು ಶೇ 60ರ ಹತ್ತಿರವೇ ಓಲಾಡುತ್ತಿದ್ದು, ಪರದೆಯ ರೆಸಲ್ಯೂಷನ್ ತಗ್ಗಿಸಿದರೂ ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮುಗಳ) ಸಂಖ್ಯೆ ಏರದಿದ್ದರೆ ತಡೆ ಇರುವುದು ಪ್ರೊಸೆಸರಿನಲ್ಲಿ ಅಥವಾ ರ‍್ಯಾಮಿನಲ್ಲಿ. ನಮ್ಮದು ಎರಡನೆಯ ಬಗೆ ಎಂದು ತಿಳಿದ ಮೇಲೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ತೆರೆದು ನೋಡಿದರೆ, 3200ರ ವೇಗಕ್ಕೆಂದು ಹಣ ಕೊಟ್ಟು ತಂದ ರ‍್ಯಾಮ್ ಐದು ವರ್ಷದಿಂದ 2133ರಲ್ಲೇ ಓಡುತ್ತಿತ್ತು. ಜೋಡಿಸಿದ ದಿನ ಒಂದು ಆಯ್ಕೆಯನ್ನು ಆನ್ ಮಾಡಲು ಯಾರೋ ಮರೆತಿದ್ದರು. ಅದನ್ನು ಸರಿಪಡಿಸಿದ ಮೇಲೆ ಆಟ ಮತ್ತಷ್ಟು ಸುಧಾರಿಸಿತು; ಆದರೆ 144 ಹರ್ಟ್ಸ್‌ನ ಮಾನಿಟರಿಗೆ ಸಾಲುವಷ್ಟಲ್ಲ. ಹೊಸ ಪ್ರೊಸೆಸರ್ ನಿಜವಾಗಿಯೂ ಬೇಕು ಎಂದು ಒಪ್ಪಿಕೊಂಡದ್ದು ಇಷ್ಟಾದ ಮೇಲೆ.

ಆದರೆ ಬೋರ್ಡಿನ ಕಥೆ ಮುಗಿದಿರಲಿಲ್ಲ. 2017ರಲ್ಲಿ ಮೊದಲ ರೈಜೆನ್ ಬಂದ ಎಎಂ4 ಸಾಕೆಟ್ಟಿಗೆ ಎಎಂಡಿ ಹಲವು ವರ್ಷ ಹೊಸ ಪ್ರೊಸೆಸರುಗಳನ್ನು ತರುತ್ತಲೇ ಇತ್ತು. 2022ರ ಏಪ್ರಿಲಿನಲ್ಲಿ ರೈಜೆನ್ 7 5800ಎಕ್ಸ್3ಡಿ, 2024ರ ಜನವರಿಯಲ್ಲಿ ತುಸು ಅಗ್ಗದ 5700ಎಕ್ಸ್3ಡಿ ಬಂದವು. ಇವೆರಡರ ವಿಶೇಷ 96 ಎಂಬಿಯ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ವೇಗದ ಸ್ಮೃತಿ. ಗೇಮುಗಳು ಪದೇ ಪದೇ ಕೇಳುವ ಮಾಹಿತಿ ರ‍್ಯಾಮಿನವರೆಗೆ ಹೋಗದೆ ಕೈಗೆಟುಕುವಲ್ಲೇ ಸಿಗುವುದರಿಂದ, ಕ್ಲಾಕ್ ವೇಗ (ಸೆಕೆಂಡಿಗೆ ಚಿಪ್ಪಿನ ಮಿಡಿತ) ಕಡಿಮೆಯಿದ್ದರೂ ಆಟದಲ್ಲಿ ಇವು ಮುಂದೆ ನಿಲ್ಲುತ್ತವೆ. ನಮ್ಮ ಬಿ450 ಬೋರ್ಡು ಬಯಾಸ್ ನವೀಕರಿಸಿದರೆ 5700ಎಕ್ಸ್3ಡಿಯನ್ನು ಸ್ವೀಕರಿಸುತ್ತದೆ ಎಂದು ಬೋರ್ಡಿನ ತಯಾರಕರ ಪಟ್ಟಿಯಲ್ಲೇ ಇತ್ತು. ಪ್ರೊಸೆಸರ್ ಮತ್ತು ಗಾಳಿಯ ಕೂಲರ್ ಸೇರಿ ನಮಗೆ ತಗಲಿದ್ದು ಅಂಗಡಿಯ ಕಾಂಬೋದ ಮೂರನೇ ಒಂದು ಪಾಲಿಗೂ ಕಡಿಮೆ. ಈ 3ಡಿ ಮಾದರಿಗಳು ಈಗ ಹೊಸದಾಗಿ ಸಿಗುವುದು ಕಷ್ಟ. ಸಿಗದವರಿಗೆ 65 ವಾಟಿನ 5600 ಅಥವಾ 5700ಎಕ್ಸ್ ಕೂಡ 3600ಕ್ಕಿಂತ ದೊಡ್ಡ ಜಿಗಿತವೇ.

ಬಯಾಸ್ ನವೀಕರಣವನ್ನು ಹಳೆಯ ಪ್ರೊಸೆಸರ್ ಕೂತಿರುವಾಗಲೇ ಮಾಡಬೇಕು, ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತುಹೋಗಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ನಾಲ್ಕಾದರೆ ಘಟ್ಟದ ಕಡೆಯಿಂದ ಮೋಡ ಕವಿದು ಗುಡುಗು ಶುರುವಾಗುವುದೂ, ಒಂದು ಮಿಂಚಿಗೆ ಬೀದಿಯೆಲ್ಲ ಕತ್ತಲಾಗುವುದೂ ಇಲ್ಲಿನವರಿಗೆ ಹೇಳಬೇಕಾದ ಸಂಗತಿಯಲ್ಲ. ನಾವು ನೆರೆಮನೆಯ ಯುಪಿಎಸ್ ಎರವಲು ತಂದು, ಬೆಳಗ್ಗೆ ಏಳು ಗಂಟೆಗೆ ಆ ಕೆಲಸ ಮುಗಿಸಿದೆವು.

ಕೂಲರಿನ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳುವುದನ್ನು ತಾವು ಮನ್ನಿಸಬೇಕು, ಏಕೆಂದರೆ ಜನರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಗಾಳಿಯದಿರಲಿ ನೀರಿನದಿರಲಿ, ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಅದು ಮಾಡುವುದು ಕೋಣೆಗೂ ಪ್ರೊಸೆಸರಿಗೂ ನಡುವಿನ ಅಂತರವನ್ನು ಕಡಿಮೆ ಮಾಡುವುದಷ್ಟೆ. 22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ 68 ಡಿಗ್ರಿ ತೋರಿಸುವ ಕೂಲರ್, ತಗಡಿನ ಮಾಡಿನ ಕೆಳಗಿರುವ ನಮ್ಮ ಮಹಡಿಯ 33 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 79 ತೋರಿಸುತ್ತದೆ. ಅದು ಕೂಲರಿನ ದೋಷವಲ್ಲ. ನೀರಿನ ಕೂಲರ್ ಕೋಣೆಯನ್ನು ತಂಪುಮಾಡುತ್ತದೆ ಎಂಬ ಭ್ರಮೆಯೂ ಹಲವರಲ್ಲಿದೆ; ಕಂಪ್ಯೂಟರ್ 300 ವಾಟ್ ವಿದ್ಯುತ್ ಎಳೆದರೆ ಆ 300 ವಾಟ್ ಶಾಖವಾಗಿ ಕೋಣೆಗೇ ಬಂದು ಬೀಳುತ್ತದೆ, ಹಳೆಯ ಕಾಲದ 100 ವಾಟಿನ ಮೂರು ಬಲ್ಬು ಉರಿಸಿದಂತೆ. ಅದನ್ನು ಹೊರಹಾಕುವುದು ಕಿಟಕಿ ಮತ್ತು ಸೀಲಿಂಗ್ ಫ್ಯಾನಿನ ಕೆಲಸ.

ಇನ್ನೂ ಒಂದು ವಿಚಾರವಿದೆ. 5700ಎಕ್ಸ್3ಡಿಯಲ್ಲಿ ಹೆಚ್ಚುವರಿ ಕ್ಯಾಶ್ ಪ್ರೊಸೆಸರ್ ಚಿಪ್ಪಿನ ಮೇಲೆ ಇನ್ನೊಂದು ಪದರವಾಗಿ ಕುಳಿತಿರುತ್ತದೆ. ಕೋರುಗಳ (ಲೆಕ್ಕ ಮಾಡುವ ಘಟಕಗಳ) ಶಾಖ ಆ ಹೊದಿಕೆಯನ್ನು ದಾಟಿ ಬರಬೇಕಾದ್ದರಿಂದ ಇಕ್ಕಟ್ಟು ಇರುವುದು ಚಿಪ್ಪಿನೊಳಗೆ, ಕೂಲರಿನಲ್ಲಲ್ಲ. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೋರುಗಳ ಕೆಳಗೆ ಇಟ್ಟದ್ದು ಈ ತೊಂದರೆಯನ್ನು ನೀಗಿಸಲೆಂದೇ. ಹೀಗಿರುವಾಗ 105 ವಾಟ್ ಎಂದು ನಮೂದಾಗಿದ್ದರೂ ಗೇಮ್ ಆಡುವಾಗ ಅದಕ್ಕಿಂತ ಸಾಕಷ್ಟು ಕಡಿಮೆ ವಿದ್ಯುತ್ ಬಳಸುವ ಈ ಪ್ರೊಸೆಸರಿನ ಮೇಲೆ ಮೂರು ಫ್ಯಾನಿನ ನೀರಿನ ಕೂಲರ್ ಕೂರಿಸುವುದು ತೋಡು ದಾಟಲು ಹಡಗು ತಂದ ಹಾಗೆ. ನಾಲ್ಕು ತಾಮ್ರದ ಕೊಳವೆ, ಒಂದು 120 ಮಿಲಿಮೀಟರ್ ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ ಹಾಕಿದೆವು. 32 ಡಿಗ್ರಿಯ ಕೋಣೆಯಲ್ಲಿ ಎರಡು ಗಂಟೆ ಆಡಿದರೂ 78 ದಾಟಲಿಲ್ಲ. ಅದರ ಮಿತಿ 90. ಪೆಟ್ಟಿಗೆಯ ಒಳಗಿನ ಜಾಗವನ್ನು ಮಾತ್ರ ಮೊದಲೇ ಅಳೆಯಬೇಕು. ನಮ್ಮ ಕೂಲರಿನ ಎತ್ತರ 155 ಮಿಲಿಮೀಟರ್, ಪೆಟ್ಟಿಗೆಯಲ್ಲಿದ್ದ ಅವಕಾಶ 160.

ನೀರಿನ ಕೂಲರ್ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ಇಂಟೆಲ್‌ನ ಐ9 13900ಕೆ, 14900ಕೆ ಮುಂತಾದವು ಪೂರ್ಣ ಹೊರೆಯಲ್ಲಿ 253 ವಾಟ್‌ವರೆಗೆ ಎಳೆಯುತ್ತವೆ, ವಿಡಿಯೊ ಸಂಕಲನ ಮಾಡುವವರು ಅಂಥದ್ದಕ್ಕೆ ಅದನ್ನು ಹಾಕಿಸಿಕೊಳ್ಳಲಿ. (ಈ ಎರಡು ತಲೆಮಾರಿನ ಪ್ರೊಸೆಸರುಗಳನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಎಚ್ಚರವಹಿಸಬೇಕು: ಅತಿಯಾದ ವೋಲ್ಟೇಜಿನಿಂದ ಅವು ಹಾಳಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ತಿದ್ದುಪಡಿ ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ.) ಆದರೆ ನೀರಿನ ಕೂಲರಿನ ಒಳಗೊಂದು ಪಂಪು ಇದೆ ಎಂಬುದನ್ನು ಮರೆಯಬಾರದು. ಬಾವಿಗೆ ಪಂಪು ಇಳಿಸಿದ ಮನೆಯವರಿಗೆ ಅದು ಯಾವ ದಿನ ಕೈಕೊಡುತ್ತದೆ ಎಂಬುದು ಚೆನ್ನಾಗಿ ಗೊತ್ತು. ಗಾಳಿಯ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ; ಕೆಡುವ ಮೊದಲು ಕಿರುಗುಟ್ಟಿ ತಿಳಿಸುತ್ತದೆ, ಬದಲಿಸಲು ಕೆಲವು ನೂರು ರೂಪಾಯಿ ಸಾಕು. ಮಳೆಗಾಲದಲ್ಲಿ ಕೂಲರಿನ ಮೇಲೆ ನೀರು ಹನಿಗಟ್ಟುತ್ತದೆ ಎಂಬ ಭಯ ಅನಗತ್ಯ. ಕೋಣೆಗಿಂತ ಬಿಸಿಯಾಗಿರುವ ವಸ್ತುವಿನ ಮೇಲೆ ಹನಿ ಕಟ್ಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಪ್ಯೂಟರನ್ನು ಮುಸುಕು ಹಾಕಿ ಮೂಲೆಗೆ ಸರಿಸುವುದರ ಬದಲು ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸುವ ರೂಢಿ ನಮ್ಮ ಮನೆಯಲ್ಲಿದೆ. ಒಳಗಿನ ತೇವ ಆರುತ್ತದೆ.

ಕೊನೆಯದಾಗಿ ವ್ಯಾಪಾರಿಗಳಲ್ಲಿ ಎರಡು ಕೋರಿಕೆಗಳಿವೆ. ಕೊಟೇಶನ್ ಚೀಟಿಯಲ್ಲಿ ‘ರೈಜೆನ್ 7’ ಎಂದಷ್ಟೇ ಬರೆದರೆ ಗ್ರಾಹಕನಿಗೆ ಏನೂ ತಿಳಿಯುವುದಿಲ್ಲ. 5700, 5700ಎಕ್ಸ್, 5700ಎಕ್ಸ್3ಡಿ ಮೂರೂ ‘ರೈಜೆನ್ 7’ಗಳೇ, ಮೂರಕ್ಕೂ ಎಂಟು ಕೋರುಗಳೇ, ಆದರೆ ಮೊದಲನೆಯದರ ಎಲ್3 ಕ್ಯಾಶ್ 16 ಎಂಬಿ, ಎರಡನೆಯದರದ್ದು 32, ಮೂರನೆಯದರದ್ದು 96. ಬಾಲದ ಒಂದು ಅಕ್ಷರ ಬಿಟ್ಟುಹೋದರೆ ಮನೆಗೆ ಬರುವ ವಸ್ತುವೇ ಬೇರೆ. ಆದ್ದರಿಂದ ಚೀಟಿಯಲ್ಲೂ ಬಿಲ್ಲಿನಲ್ಲೂ ಪೂರ್ಣ ಮಾದರಿ ಸಂಖ್ಯೆ, ಪೆಟ್ಟಿಗೆಯ ಮಾಲೋ ಬಿಡಿ ಮಾಲೋ ಎಂಬ ವಿವರ, ಶೇ 18 ಜಿಎಸ್‌ಟಿ ಸೇರಿದ ದರ, ಜತೆಗೆ ಕೂಲರ್ ಬರುತ್ತದೆಯೇ ಇಲ್ಲವೇ ಎಂಬುದು ಇರಲಿ. ಎರಡನೆಯದಾಗಿ, ಹಳೆಯ ಬೋರ್ಡಿಗೆ ಬಯಾಸ್ ನವೀಕರಿಸಿಕೊಡುವ ಕೆಲಸಕ್ಕೆ ಎಷ್ಟು ಶುಲ್ಕ ಎಂದು ಉಡುಪಿ, ಮಣಿಪಾಲ, ಮಂಗಳೂರಿನ ಅಂಗಡಿಗಳು ಫಲಕದಲ್ಲಿ ಬರೆದು ಹಾಕಲಿ. ಐನೂರು ರೂಪಾಯಿಯೇ ಆಗಲಿ, ಸಂತೋಷದಿಂದ ಕೊಡುತ್ತೇವೆ. ತಾವೂ ಮೊಬೈಲುಗಳ ಪರಿಚಯಕ್ಕೆ ಮೀಸಲಿಡುವ ಜಾಗದಲ್ಲಿ, ಮುಂದಿನ ರಜೆ ಆರಂಭವಾಗುವ ಮೊದಲು, ಈ ವಿಷಯದ ಬಗ್ಗೆ ಬಲ್ಲವರಿಂದ ಒಂದು ಲೇಖನ ಬರೆಸಬೇಕೆಂದು ಕೋರುತ್ತೇನೆ. ಅದರಲ್ಲಿ ಕೊಡುವ ಉಷ್ಣತೆಯ ಅಂಕಿಗಳು ಹವಾನಿಯಂತ್ರಣವಿಲ್ಲದ, ನಮ್ಮ ಕರಾವಳಿಯ ಕೋಣೆಯಲ್ಲೇ ಅಳೆದವಾಗಿರಲಿ.

ಇಂತಿ,
ಓರ್ವ ಭೌತಶಾಸ್ತ್ರ ಉಪನ್ಯಾಸಕ,
ಕಡಿಯಾಳಿ, ಉಡುಪಿ