ಮಗಳು ಬಿಎ ಓದಲಿ ಬಿಡು

ಪ್ರಿಯ ಗೆಳೆಯಾ,

ಮಗಳು ಪಿಯುಸಿಯಲ್ಲಿ ಅಷ್ಟು ಒಳ್ಳೆಯ ಅಂಕ ತೆಗೆದೂ ಇತಿಹಾಸವನ್ನೇ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ ಎಂದು ಬರೆದಿದ್ದೀಯ. ಓದಲಿ ಬಿಡು ಮಾರಾಯ. ಇಷ್ಟು ವರ್ಷ ಕೊಡಗಿನ ಡಿಗ್ರಿ ಕಾಲೇಜಿನಲ್ಲಿ ಅದೇ ಇತಿಹಾಸದ ಪಾಠ ಮಾಡಿಕೊಂಡು ಬಂದವನು ನಾನು. ಸುಮ್ನೆ ನಿನ್ನ ಸಮಾಧಾನಕ್ಕೆ ಈ ಮಾತು ಹೇಳುತ್ತಿಲ್ಲ.

ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾವು ಓದುವಾಗ ಬಿಎ ತರಗತಿಯಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ಈಗ ಬಿಕಾಂ, ಬಿಸಿಎ ಸಿಗದವರು ಕೊನೆಗೆ ಇತ್ತ ಬರುತ್ತಾರೆ. ಸರ್ಕಾರದ ನೀತಿಯೂ ನಿಂತಲ್ಲಿ ನಿಲ್ಲಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ 2023ರಲ್ಲಿ ಶುರುವಾಯಿತು. ಎರಡು ವರ್ಷ ಕಳೆಯುವ ಹೊತ್ತಿಗೆ ಮುಚ್ಚುವ ಮಾತು!

ಆದರೆ ಒಂದು ಸಂಗತಿ ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮೂರಲ್ಲಿ ಯಾರಿಗೂ ಬೇಡವಾದ ಇದೇ ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯವನ್ನು ದೊಡ್ಡ ಊರಿನ ಖಾಸಗಿ ವಿಶ್ವವಿದ್ಯಾಲಯಗಳು ‘ಲಿಬರಲ್ ಸ್ಟಡೀಸ್’ ಎಂಬ ಹೆಸರಲ್ಲಿ ಕಲಿಸುತ್ತಿವೆ. ಫೀಸು ವರ್ಷಕ್ಕೆ ಲಕ್ಷಗಟ್ಟಲೆ. ಉಳ್ಳವರ ಮಕ್ಕಳು ಓದಿದರೆ ಅದು ದೊಡ್ಡ ಓದು, ಕಾಫಿ ತೋಟದ ಕೂಲಿಗಳ ಲೈನ್ ಮನೆಯ ಹುಡುಗಿ ಓದಿದರೆ ದಂಡದ ಓದು. ಇದು ಅನ್ಯಾಯ ಅಲ್ವಾ? ಅಲ್ಲಿ ಪುಸ್ತಕ ಓದಿಸುತ್ತಾರೆ, ಬರೆಸುತ್ತಾರೆ, ತಿದ್ದುತ್ತಾರೆ. ನಮ್ಮಲ್ಲಿ ಎಷ್ಟೋ ಕಡೆ ಗೈಡು ಮತ್ತು ನೋಟ್ಸು. ಬಿಎ ಬೆಲೆ ಕಳೆದುಕೊಂಡದ್ದು ಇಲ್ಲಿಯೇ ಎಂದು ನನ್ನ ನಂಬಿಕೆ.

ಕಳೆದ ವರ್ಷ ಒಬ್ಬ ಹುಡುಗ ಮನೆಯ ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿಯ, ಹಳೆಯ ಕಾಗದಗಳ ಜೆರಾಕ್ಸ್ ತರಗತಿಗೆ ತಂದ. ಅದರಲ್ಲಿ ಪಟ್ಟೇದಾರ, ಅಂದರೆ ಮನೆತನದ ಪರವಾಗಿ ಭೂಮಿ ಯಾರ ಹೆಸರಲ್ಲಿದೆಯೋ ಅವರು, ಅಂತ ಇದ್ದದ್ದು ಅವನ ಮುತ್ತಜ್ಜನ ಹೆಸರು. ಕಾಗದದಲ್ಲಿ ಗದ್ದೆಗೆ ಕಂದಾಯ ಇದೆ, ಅದಕ್ಕೆ ಸೇರಿದ ಬಾಣೆಗೆ, ಅಂದರೆ ಮರಗಳಿರುವ ಎತ್ತರದ ಜಾಗಕ್ಕೆ, ಯಾಕಿಲ್ಲ? ರಾಜರ ಕಾಲದಲ್ಲಿ ಸೇವೆ ಮಾಡುವ ಕರಾರಿನ ಮೇಲೆ ಬಂದ ಭೂಮಿಯನ್ನು 1834ರ ನಂತರ ಬ್ರಿಟಿಷರು ಹೇಗೆ ನೋಡಿದರು? ಬಾಣೆಯ ಮರದ ಮೇಲೆ ಹಕ್ಕು ಯಾರದು? ಈ ಪ್ರಶ್ನೆಗಳ ಚರ್ಚೆಯಲ್ಲಿ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಆಮೇಲೆ ಆ ಹುಡುಗ ತಂದೆಗೆ ತಿಳಿಯುವ ಹಾಗೆ ಎರಡು ಪುಟ ಬರೆದ. ಮೊದಲು ಬರೆದದ್ದು ಪೂರ್ತಿ ಗೋಜಲು. ತಿದ್ದಿ ತಿದ್ದಿ ಕೊನೆಗೆ ಸರಿಯಾಯಿತು. ಕಾಗದ ಓದಿ, ಅದರ ಹಿಂದಿನ ಕಥೆ ಹುಡುಕಿ, ಬೇರೆಯವರಿಗೆ ತಿಳಿಯುವಂತೆ ಹೇಳಲು ಬರುವವರು ಎಷ್ಟು ಜನ ಇದ್ದಾರೆ ಹೇಳು?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತಲ್ಲ, ಮಣ್ಣು ಯಾಕೆ ಜಾರಿತು ಅಂತ ಭೂವಿಜ್ಞಾನಿಗಳು ಹೇಳಬಲ್ಲರು. ಆ ಇಳಿಜಾರಿಗೆ ಜನ ಯಾಕೆ ಹೋಗಿ ನೆಲೆಸಿದರು, ಕೈಯಲ್ಲಿ ಕಾಗದ ಇಲ್ಲದವರು ಪರಿಹಾರ ಹೇಗೆ ಕೇಳಬೇಕು, ಇದನ್ನು ಕೂತು ಬರೆಯಲು ನಿನ್ನ ಮಗಳಂಥವರು ಬೇಕು.

ಇನ್ನು ದುಡ್ಡಿನ ಮಾತು. ಬಿಎ ಮುಗಿದ ಮರುದಿನವೇ ಸಂಬಳ ಬರುವುದಿಲ್ಲ, ಅದನ್ನು ಮುಚ್ಚಿಡಬಾರದು. ಬಿ.ಎಡ್, ಎಂಎ, ಮೂರು ವರ್ಷದ ಲಾ, ಇಲ್ಲವೇ ಕೆಎಎಸ್ ತಯಾರಿ, ಮುಂದೆ ಏನಾದರೊಂದು ಓದಲೇಬೇಕು. ಕಾಫಿಗೆ ರೇಟು ಇರುವಾಗಲೇ ಆ ಖರ್ಚಿಗೆ ಒಂದಿಷ್ಟು ತೆಗೆದಿಡು. ಬಿಸಿಎ ಮಾಡಿಸಿದರೆ ನಿಶ್ಚಿಂತೆ ಎಂಬ ಲೆಕ್ಕವೂ ಈಗ ನಡೆಯುವುದಿಲ್ಲ. ಕೋಡ್ ಬರೆಯುವ ಕೆಲಸಕ್ಕೇ ಎಐ ಬಂದು ಕೂತಿದೆ. ಜೊತೆಗೆ ಅವಳು ಇಂಗ್ಲಿಷ್ ಚೆನ್ನಾಗಿ ಓದುವುದು, ಕಂಪ್ಯೂಟರಿನಲ್ಲಿ ಲೆಕ್ಕಪಟ್ಟಿ ಮಾಡುವುದು ಕಲಿಯಲಿ. ಇತಿಹಾಸ ಓದುವವರಿಗೂ ಅದು ದಿನಾ ಬೇಕು.

ಅಡ್ಮಿಷನ್ ಮಾಡಿಸುವ ಮೊದಲು ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿ ಬಾ. ಕಟ್ಟಡ ನೋಡಬೇಡ. ಲೈಬ್ರರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಕೇಳು. ಇತಿಹಾಸಕ್ಕೆ ಯಾರಿದ್ದಾರೆ, ಪ್ರತಿ ವರ್ಷ ಬದಲಾಗುತ್ತಾರಾ, ಬರೆದದ್ದನ್ನು ತಿದ್ದಿ ಕೊಡುತ್ತಾರಾ ಅಂತ ಎರಡನೇ ವರ್ಷದ ಮಕ್ಕಳನ್ನೇ ವಿಚಾರಿಸು. ಅವರು ಹೇಳಿದ್ದನ್ನು ನನಗೆ ತಿಳಿಸು. ಆಮೇಲೆ ಮೂವರೂ ಕೂತು ಯಾವ ಕಾಲೇಜು ಅಂತ ತೀರ್ಮಾನ ಮಾಡೋಣ.

ನಿನ್ನ ಗೆಳೆಯ