ಕಾರವಾರದ ಕಡಲತೀರಕ್ಕೆ ಇನ್ನೊಂದು ಆಕರ್ಷಣೆ ಬೇಡ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದ ಬಗ್ಗೆ ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಅಲ್ಲಿ ಉಳಿದಿರುವ ಖಾಲಿ ಜಾಗ ಖಾಲಿಯಾಗಿಯೇ ಇರಲಿ. ನಿಮ್ಮ ಕಚೇರಿಗೆ ಬರುವ ಮನವಿಗಳು ಸಾಮಾನ್ಯವಾಗಿ ಏನನ್ನಾದರೂ ಕಟ್ಟಿಸಿಕೊಡಿ ಎನ್ನುತ್ತವೆ. ಏನನ್ನೂ ಕಟ್ಟಿಸಬೇಡಿ ಎನ್ನುವ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸಬೇಕೋ, ಅದು ನಿಮ್ಮ ಸಿಬ್ಬಂದಿಗೆ ಬಿಟ್ಟದ್ದು.

ತೀರಕ್ಕೆ ಕವಿಯ ಹೆಸರಿಟ್ಟಿದ್ದೇವೆ. ಹೆಸರಿನ ಹಿಂದಿನ ಸಂಗತಿಯನ್ನು ವಿಚಾರಿಸುವವರು ಕಡಿಮೆ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ರವೀಂದ್ರರು ಇಲ್ಲಿಗೆ ಬಂದರು. ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ಸಂಜೆ ಅವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಹೋಗಿ, ಇಳಿತದ ನೀರಿನ ಜೊತೆಗೇ ಅಳಿವೆಗೆ ಮರಳಿದರು. ಅಲ್ಲಿ ದೋಣಿ ಇಳಿದು, ಮನೆಯವರೆಗೂ ಮರಳ ಮೇಲೆ ನಡೆದೇ ಬಂದರು. ರಾತ್ರಿ ಬಹಳವಾಗಿತ್ತು, ಕಡಲಲ್ಲಿ ತೆರೆ ಇರಲಿಲ್ಲ, ಸದಾ ಸದ್ದು ಮಾಡುವ ಗಾಳಿಮರಗಳೂ ಸುಮ್ಮನಿದ್ದವು ಎಂದು ಕವಿ ಮುಂದೆ ನೆನೆದುಕೊಂಡಿದ್ದಾರೆ. ಮನೆ ಸೇರಿದ ಮೇಲೆ ಒಂದು ಕವಿತೆ ಬರೆದರು. ಅವರ ಆರಂಭದ ನಾಟಕವೊಂದು ಹುಟ್ಟಿದ್ದೂ ಕಾರವಾರದಲ್ಲೇ.

ಈ ತೀರದ ಪರಂಪರೆ ಎಂದರೆ, ನನ್ನ ಮಟ್ಟಿಗೆ, ಆ ನಡಿಗೆ. ಅದನ್ನು ಪುತ್ಥಳಿ ನಿಲ್ಲಿಸಿ ಉಳಿಸಲಾಗದು. ಟಿಕೆಟ್ ಇಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ, ಯಾವ ಬೇಲಿಯನ್ನೂ ಬಳಸಿ ಹೋಗದೆ ಮರಳಿನ ಮೇಲೆ ಉದ್ದಕ್ಕೆ ನಡೆಯಬಹುದು ಎನ್ನುವುದೇ ಇಲ್ಲಿ ಕಾಯಬೇಕಾದ ಆಸ್ತಿ.

ಈಗ ಅಲ್ಲಿ ಏನೇನಿದೆ ಎಂಬುದು ನಿಮಗೆ ಗೊತ್ತೇ ಇದೆ. ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ನೌಕಾಪಡೆಯಿಂದ ನಿವೃತ್ತವಾದ ಟುಪೊಲೆವ್ ವಿಮಾನ ಬಂದು ನಿಂತಿದೆ. ಜಿಲ್ಲೆಯ ಬುಡಕಟ್ಟುಗಳ ಬದುಕನ್ನು ಶಿಲ್ಪಗಳಲ್ಲಿ ತೋರಿಸುವ ರಾಕ್ ಗಾರ್ಡನ್ ಇದೆ. ಕರಾವಳಿ ಉತ್ಸವ ನಡೆಯುವ ಮಯೂರವರ್ಮ ವೇದಿಕೆ ಇದೆ. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪಲ್ಲ. ಹಡಗಿನ ಕಿರಿದಾದ ಏಣಿ ಹತ್ತಿಳಿಯುವ ಮಕ್ಕಳ ಸಂಭ್ರಮ ಕಂಡವರು ಅದನ್ನು ಬೇಡ ಎನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಇಂಥದ್ದೊಂದು ಬಂದಾಗ ಅದು ಒಂದೇ ಬರುವುದಿಲ್ಲ. ಸುತ್ತ ಬೇಲಿ, ಮುಂದೆ ಟಿಕೆಟ್ ಕೌಂಟರ್, ಪಕ್ಕದಲ್ಲಿ ವಾಹನ ನಿಲುಗಡೆ, ಅದರಾಚೆ ಅಂಗಡಿಗಳು. ಮುಂದಿನ ಒಳ್ಳೆಯ ಯೋಜನೆಗೂ ಜಾಗ ಹುಡುಕುವಾಗ ಕಣ್ಣು ಬೀಳುವುದು ಉಳಿದ ಮರಳಿನ ಮೇಲೆಯೇ.

ಒಳ್ಳೆಯ ಯೋಜನೆ ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ 1991ರಲ್ಲೇ ಉತ್ತರ ಕೊಟ್ಟಿದೆ, ಅದೂ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಗಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ, ಹಂಚಿಕೆ ರದ್ದಾಯಿತು. ಎಂಟು ವರ್ಷಗಳ ನಂತರ ಲಖನೌದ ಹಳೆಯ ಉದ್ಯಾನವೊಂದರ ಅಡಿಯಲ್ಲಿ ಕಟ್ಟುತ್ತಿದ್ದ ಮಾರುಕಟ್ಟೆಯನ್ನು ಕೆಡವಿ, ಉದ್ಯಾನವನ್ನು ಮೊದಲಿನಂತೆ ಮಾಡಿಕೊಡಬೇಕೆಂದೂ ಅದೇ ನ್ಯಾಯಾಲಯ ಹೇಳಿತು. ಆಸ್ಪತ್ರೆಗೇ ಬಿಟ್ಟುಕೊಡಲಾಗದ ಜಾಗವನ್ನು ಸೆಲ್ಫಿ ಕಟ್ಟೆಗೆ ಬಿಟ್ಟುಕೊಡುವುದು ಹೇಗೆ?

ಖಾಲಿ ಎಂದು ನಾವು ಕರೆಯುವ ಈ ಜಾಗ ಬೆಳಗಿನ ಹೊತ್ತು ದುಡಿಯುವ ಜಾಗವೂ ಹೌದು. ದಡದಿಂದಲೇ ಎಳೆಯುವ ದೊಡ್ಡ ಬಲೆಯಾದ ರಂಪಣಿಯನ್ನು ಎಳೆಯುವುದನ್ನು ಒಮ್ಮೆ ನಿಂತು ನೋಡಿ. ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ದೋಣಿ ಕಡಲಿಗಿಳಿಯುತ್ತದೆ. ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ಬಹುದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ಬಾಗಿ ಎಳೆಯುತ್ತಾರೆ. ಬಲೆ ಹತ್ತಿರವಾದಂತೆ ಎರಡು ಸಾಲುಗಳೂ ಒಂದರತ್ತ ಒಂದು ಸರಿಯುತ್ತವೆ. ಸರಿಯಲು ದಡ ತೆರವಾಗಿರಬೇಕು. ನಡುವೆ ಒಂದು ಕಾಂಕ್ರೀಟ್ ಕಟ್ಟೆ ಎದ್ದರೆ ಸಾಲು ಅಲ್ಲಿಗೇ ನಿಂತಿತು. ವಿನ್ಯಾಸ ನಕ್ಷೆಯಲ್ಲಿ ಆ ಕಟ್ಟೆ ಎಷ್ಟು ಚಂದ ಕಂಡರೂ ಅಷ್ಟೇ.

ಈ ಊರಿನವರು ಕಡಲಿನ ಬಗ್ಗೆ ಇಷ್ಟು ಸೂಕ್ಷ್ಮವಾಗಲು ಕಾರಣವಿದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಊರುಗಳೇ ತೆರವಾದವು, ದಕ್ಷಿಣದ ತೀರ ಸಾರ್ವಜನಿಕರಿಗೆ ಮುಚ್ಚಿತು. ದೇಶಕ್ಕಾಗಿ ಕೊಟ್ಟದ್ದು, ಆ ಮಾತು ಬೇರೆ. ಬಂದರು ವಿಸ್ತರಣೆಯ ಕಾಮಗಾರಿ ಈ ತೀರದ ಅಂಚಿಗೇ ಬಂದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಪೇಟೆ ಬಂದ್ ಆಯಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಪೇಟೆಗೆ ತಾಗಿದಂತೆ ಉಳಿದಿರುವುದು ಇದೊಂದೇ ಎಂಬ ಆತಂಕ ಅಂದು ಬೀದಿಯಲ್ಲಿ ಕಂಡಿತು.

ಕಡಲಿಗೂ ಜಾಗ ಬೇಕು. ಮಳೆಗಾಲದ ಅಲೆಗಳು ದಡದ ಮರಳನ್ನು ಒಳಗೆಳೆದುಕೊಳ್ಳುತ್ತವೆ, ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನೇ ಮೆಲ್ಲಗೆ ತಂದು ಹಾಕುತ್ತವೆ. ಈ ಕೊಡುಕೊಳ್ಳುವಿಕೆಯ ನಡುವೆ ಗೋಡೆ ಕಟ್ಟಿದರೆ ಅಲೆ ಗೋಡೆಗೆ ಬಡಿದು ಅದರ ಬುಡದ ಮರಳನ್ನೇ ಕೊರೆಯುತ್ತದೆ; ಆಮೇಲೆ ಗೋಡೆ ಉಳಿಸಲು ಕಲ್ಲು, ಕಲ್ಲು ಸುರಿಯಲು ಇನ್ನೊಂದು ಟೆಂಡರ್. ಇನ್ನು ಚಳಿಗಾಲದಲ್ಲಿ ತಾಲ್ಲೂಕಿನ ಕಡಲತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಮರಳಿನಿಂದ ಎದ್ದು ಬೆಳಕಿದ್ದತ್ತ ಹೊರಡುತ್ತವೆ. ದಡದಲ್ಲಿ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಕಡಲು ಬಿಟ್ಟು ಅತ್ತಲೇ ಹರಿಯುತ್ತವೆ. ಉತ್ಸವ ಬೇಡ ಎನ್ನುತ್ತಿಲ್ಲ. ಆ ತಿಂಗಳುಗಳಲ್ಲಿ ಕಡಲಿಗೆ ಮುಖ ಮಾಡಿದ ದೀಪಗಳನ್ನು ರಾತ್ರಿ ಆರಿಸುವುದು ನಿಮ್ಮ ಒಂದು ಆದೇಶದಿಂದ ಆಗುವ ಕೆಲಸ.

ಹಾಗೆಂದು ತೀರದಲ್ಲಿ ಏನೂ ಮಾಡುವುದು ಬೇಡ ಎಂದಲ್ಲ. ಸ್ವಚ್ಛ ಶೌಚಾಲಯ, ಅದಕ್ಕೆ ನೀರು, ಕುಡಿಯುವ ನೀರಿನ ನಲ್ಲಿ, ಗಾಲಿಕುರ್ಚಿ ಮರಳಿನವರೆಗೆ ಇಳಿಯುವ ಒಂದು ಇಳಿಜಾರು, ಬಿದ್ದ ಗಾಳಿಮರದ ಜಾಗದಲ್ಲಿ ಇನ್ನೊಂದು ಗಿಡ. ಇವಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಆದರೂ ಸಂಜೆ ಮೊಮ್ಮಗುವಿನ ಕೈ ಹಿಡಿದು ಬರುವ ಅಜ್ಜಿಗೆ ಬೇಕಾಗುವುದು ಇವೇ.

ಅಳಿವೆಯಿಂದ ಬಂದರಿನವರೆಗೆ ಯಾವ ಭಾಗ ತೆರೆದ ಸಾರ್ವಜನಿಕ ಜಾಗ, ಎಲ್ಲಿ ಕಟ್ಟಡ ಇದೆ, ಎಲ್ಲಿ ಬಲೆ ಎಳೆಯುತ್ತಾರೆ ಎಂಬುದನ್ನು ಗುರುತಿಸಿದ ಕನ್ನಡದ ನಕ್ಷೆಯೊಂದನ್ನು ಸಿದ್ಧಪಡಿಸಿ ನಗರಸಭೆಯ ಗೋಡೆಗೆ ಅಂಟಿಸಿ. ಕರಾವಳಿ ನಿಯಂತ್ರಣ ವಲಯದ ನಿಯಮದಂತೆ ನಿಮ್ಮ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು. ತೆರೆದ ಭಾಗದಲ್ಲಿ ಹೊಸದೇನನ್ನಾದರೂ ತರುವ ಪ್ರಸ್ತಾವ ಬಂದರೆ ಮೊದಲು ಅವರ ಮುಂದಿಡಿ, ಟೆಂಡರ್ ಕರೆದ ಮೇಲಲ್ಲ. ನಕ್ಷೆ ಮುಂದಿನ ಕರಾವಳಿ ಉತ್ಸವಕ್ಕೆ ಮೊದಲು ಸಿದ್ಧವಾದರೆ ಮಳಿಗೆಗಳಿಗೆ ಜಾಗ ಗುರುತಿಸುವಾಗಲೇ ಅದು ಬಳಕೆಗೆ ಬರುತ್ತದೆ.

ಇಂತಿ,
ಕಾರವಾರದ ನಿವಾಸಿ